ಸಂತೆ ತರಕಾರಿ: ಯಾವುದನ್ನ ರೈತರಿಂದಲೇ ಕೊಂಡರೆ ನಿಜಕ್ಕೂ ಲಾಭ?

ಬನಶಂಕರಿ_ಒಗ್ಗರಣೆ

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಹೊಸ ಜಗಳ ಶುರುವಾಗಿದೆ. ಕನಕಪುರ ಕಡೆಯ ನಾಲ್ಕೈದು ರೈತರು ಭಾನುವಾರ ಬೆಳಿಗ್ಗೆ ಗೇಟಿನ ಪಕ್ಕ ತರಕಾರಿ ಮಾರ್ತೀವಿ, ಜಾಗ ಕೊಡಿ ಅಂತ ಕೇಳಿದ್ದಾರೆ. ಅರ್ಧ ಜನಕ್ಕೆ ಖುಷಿ. ಇನ್ನರ್ಧ ಜನ "ಆಪ್‌ನಲ್ಲಿ ಹತ್ತು ನಿಮಿಷಕ್ಕೆ ಬಾಗಿಲಿಗೇ ಬರುತ್ತೆ, ಅದಕ್ಕಿಂತ ಕಡಿಮೆಗೆ ಕೊಡ್ತಾರಾ? ಸೊಪ್ಪಿನ ಕಸ ಯಾರು ಗುಡಿಸ್ತಾರೆ?" ಅಂತಿದ್ದಾರೆ.

ನಾನು ಸಂತೆ ಪರ. ಆದರೆ ಕಮಿಟಿ ಮುಂದೆ "ಅನ್ನದಾತ" ಅಂತ ಭಾಷಣ ಬಿಗಿದರೆ ಯಾರೂ ಕೇಳಲ್ಲ, ನಮ್ಮ ಖಜಾಂಚಿ ಮೇಡಂ ಅಂತೂ ಆಕಳಿಸ್ತಾರೆ. ಸರಿಯಾದ ಲೆಕ್ಕ ಬೇಕು. ಯಾವ ತರಕಾರಿಗೆ ವ್ಯತ್ಯಾಸ ಆಗುತ್ತೆ, ಯಾವುದಕ್ಕೆ ಆಗಲ್ಲ? ಬೆಳೆಯೋರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬರೀರಿ.

ಲೆಕ್ಕದ_ಮೇಷ್ಟ್ರು

ಖಜಾಂಚಿಯವರಿಗೆ ತೋರಿಸಬಹುದಾದ ಅಂಕಿ ಇದೆ. 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಕಡೆಯಿಂದ ಬಂದ ಸಂಶೋಧನಾ ಪ್ರಬಂಧಗಳ ಪ್ರಕಾರ, ನಾವು 100 ರೂಪಾಯಿ ಕೊಟ್ಟು ಟೊಮೆಟೊ ತಂದರೆ ರೈತನ ಕೈ ಸೇರೋದು ಸುಮಾರು 33 ರೂಪಾಯಿ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಬಾಳೆಹಣ್ಣಿಗೆ 31, ದ್ರಾಕ್ಷಿಗೆ 35, ಮಾವಿಗೆ 43.

ಆದರೆ ಉಳಿದ 67 ರೂಪಾಯಿಯನ್ನ ಯಾರೋ ದಲ್ಲಾಳಿ ಒಬ್ಬನೇ ನುಂಗಿದ ಅಂತ ತಿಳಿಯಬೇಡಿ. ಟೆಂಪೋ ಬಾಡಿಗೆ, ಹಮಾಲಿ, ಕೊಳೆತು ಎಸೆದದ್ದು, ಅಂಗಡಿ ಬಾಡಿಗೆ, ಎರಡು ಮೂರು ಕೈಗಳ ಲಾಭ, ಎಲ್ಲ ಅದರಲ್ಲೇ ಬಂತು. ರೈತನೇ ನಿಮ್ಮ ಗೇಟಿಗೆ ಬಂದರೆ ಆ ಖರ್ಚೂ ಅವನ ತಲೆ ಮೇಲೇ ಬರುತ್ತೆ, ಜೊತೆಗೆ ಅವನ ಒಂದು ದಿನ. ಹಾಗಾಗಿ "ನೇರ ಖರೀದಿ, ಅರ್ಧ ಬೆಲೆ" ಅಂತ ಮಾತ್ರ ಕಮಿಟಿಗೆ ಹೇಳಬೇಡಿ. ಮೊದಲ ಭಾನುವಾರವೇ ಮರ್ಯಾದೆ ಹೋಗುತ್ತೆ.

ಹೊಸಕೋಟೆ_ಕಡೆಯವನು

ಬೆಳೆಯೋನು ನಾನು. ಎರಡೂವರೆ ಎಕರೆ, ಬೋರ್‌ವೆಲ್, ಡ್ರಿಪ್. ಟೊಮೆಟೊ, ಬೀನ್ಸ್, ಸೊಪ್ಪು.

ಮೇಷ್ಟ್ರು ಹೇಳಿದ್ದು ಸರಿ. ಟೊಮೆಟೊ ಸಂತೆಗೆ ಹೇಳಿದ ಬೆಳೆಯೇ ಅಲ್ಲ. ಸುಗ್ಗಿ ಬಿದ್ದಾಗ ಒಂದು ಸಲ ಕಿತ್ತರೆ ನೂರು ಬಾಕ್ಸ್ ಬರುತ್ತೆ, ಬಾಕ್ಸ್‌ಗೆ 15 ಕೆ.ಜಿ. ಮೂರು ನಾಲ್ಕು ದಿನ ಬಿಟ್ಟು ಮತ್ತೆ ಕೀಳಬೇಕು. ಒಂದೂವರೆ ಟನ್ ಹಣ್ಣನ್ನ ಅಪಾರ್ಟ್‌ಮೆಂಟ್ ಗೇಟಲ್ಲಿ ಅರ್ಧರ್ಧ ಕೆ.ಜಿ. ತೂಗ್ತಾ ಕೂತರೆ ದೀಪಾವಳಿಗೆ ಮನೆಗೆ ಬರ್ತೀನಿ. ಅದು ಕೋಲಾರದ ಮಂಡಿಗೇ ಹೋಗಬೇಕು, ಹೊರರಾಜ್ಯದ ವ್ಯಾಪಾರಿ ಲಾರಿ ತುಂಬಬೇಕು. 2023ರ ಜುಲೈನಲ್ಲಿ ಅಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು, ಟಿವಿಯವರು ತೋಟಕ್ಕೇ ಬಂದಿದ್ದರು. ಅದೇ ಟೊಮೆಟೊ ಕಿತ್ತ ಕೂಲಿಯೂ ಹುಟ್ಟದೆ ಗಿಡದಲ್ಲೇ ಬಿಟ್ಟ ವರ್ಷಗಳೂ ಇವೆ. ಆಗ ಯಾವ ಟಿವಿಯೂ ಬರಲಿಲ್ಲ ಬಿಡಿ.

ಸಂತೆಗೆ ಹೇಳಿದ ಮಾಲು ಸೊಪ್ಪು. ದಂಟು, ಮೆಂತ್ಯ, ಸಬ್ಬಸಿಗೆ ಎಲ್ಲ ತಿಂಗಳೊಪ್ಪತ್ತಿನ ಬೆಳೆ. ಸಂಜೆ ಕಿತ್ತರೆ ಬೆಳಿಗ್ಗೆ ಮಾರಲೇಬೇಕು, ಕಾಯೋಕಾಗಲ್ಲ. ನಮಗೆ ಕಾಯೋಕಾಗಲ್ಲ ಅನ್ನೋದು ಮಂಡಿಯವರಿಗೂ ಚೆನ್ನಾಗಿ ಗೊತ್ತು. ಹತ್ತು ಗಂಟೆ ಆಯ್ತು ಅಂದರೆ ಅವರು ಹೇಳಿದ್ದೇ ರೇಟು. ಮೇಲೆ ನೂರಕ್ಕೆ ಹತ್ತು ಕಮಿಷನ್ ಹಿಡೀತಾರೆ. ಕಾನೂನು ಪ್ರಕಾರ ಕಮಿಷನ್ನನ್ನ ಕೊಳ್ಳೋನಿಂದ ತಗೋಬೇಕು, ರೈತನಿಂದ ಪೈಸೆ ಮುಟ್ಟೋ ಹಾಗಿಲ್ಲ. ಅದಕ್ಕೇ ಸರಿಯಾದ ಬಿಲ್ ಕೊಡದೆ ಬಿಳಿ ಚೀಟಿಯಲ್ಲಿ ಪೆನ್ನಲ್ಲಿ ಗೀಚಿ ಕೊಡೋದು. ಕೇಳಿದರೆ "ನಾಳೆ ಬೇರೆ ಮಂಡಿಗೆ ಹಾಕ್ಕೊ".

ಸೊಪ್ಪನ್ನ ನಾನೇ ಮಾರಿದ ದಿನ ಕಟ್ಟಿಗೆ ಹೆಚ್ಚುಕಡಿಮೆ ಎರಡರಷ್ಟು ಸಿಗುತ್ತೆ, ಕೊಳ್ಳೋರಿಗೆ ಅಂಗಡಿಗಿಂತ ಸ್ವಲ್ಪ ಕಡಿಮೇನೇ ಬೀಳುತ್ತೆ. ಎಳೇ ಬೀನ್ಸ್, ಬೆಂಡೆ, ಹೀರೆ, ಸೀಬೆಹಣ್ಣು, ನುಗ್ಗೆಗೂ ಇದೇ ಲೆಕ್ಕ. ಆಲೂಗಡ್ಡೆ, ಈರುಳ್ಳಿನ ನೀವು ಎಲ್ಲಿ ಬೇಕಾದರೂ ತಗೊಳ್ಳಿ, ನಮಗೇನೂ ಬೇಜಾರಿಲ್ಲ.

ಮಾರ್ಕೆಟ್_ಮಗಳು

ದಲ್ಲಾಳಿ ದಲ್ಲಾಳಿ ಅಂತ ಎಲ್ಲರೂ ಶುರು ಹಚ್ಕೊಳ್ಳೋ ಮೊದಲು ಒಂದು ಮಾತು. ನಮ್ಮಮ್ಮ ತಳ್ಳುಗಾಡಿಯಲ್ಲಿ ತರಕಾರಿ ಮಾರಿ ನಮ್ಮನ್ನ ಓದಿಸಿದ್ದು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಕಲಾಸಿಪಾಳ್ಯಕ್ಕೆ ಹೋಗಿ, ಆಟೋದಲ್ಲಿ ನಾಲ್ಕು ಜನ ಸೇರಿ ಮೂಟೆ ಹಾಕ್ಕೊಂಡು ಬಂದು, ನೀರು ಚಿಮುಕಿಸಿ, ಜೋಡಿಸಿ, ಏಳು ಗಂಟೆಗೆ ನಿಮ್ಮ ಬೀದಿಯಲ್ಲಿ ಇರ್ತಿದ್ದರು. ಬಂಡವಾಳ ದಿನದ ಬಡ್ಡಿ ಸಾಲ. ಬೆಳಿಗ್ಗೆ 900 ಕೈಗೆ ಬಂದರೆ ಸಂಜೆ 1,000 ವಾಪಸ್ ಕೊಡಬೇಕು. ಉಳಿದ ಸೊಪ್ಪು ನಮ್ಮನೆ ಸಾರಿಗೆ.

ಅಮ್ಮ ಕೂಡ ರಿಸರ್ವ್ ಬ್ಯಾಂಕಿನ ಆ 67 ರೂಪಾಯಿಯೊಳಗೇ ಬರ್ತಾರೆ. ಭಾನುವಾರ ರೈತರನ್ನ ಗೇಟಿಗೆ ಕರೀರಿ, ಸಂತೋಷ. ವಾರದ ಉಳಿದ ಆರು ದಿನ ನಿಮ್ಮ ಬೀದಿಗೆ ಬರೋ ಗಾಡಿಯವರ ಹತ್ತಿರವೂ ಕೊಳ್ಳಿ. "ರೈತರಿಂದ ನೇರ" ಅಂತ ಬೋರ್ಡ್ ಹಾಕ್ಕೊಂಡ ಕಂಪನಿ ಒಳಗೆ ಎಷ್ಟು ಕೈ ಇದೆ ಅಂತ ಯಾರೂ ಕೇಳಲ್ಲ, ಗಾಡಿಯವಳನ್ನ ಮಾತ್ರ ಕಳ್ಳಿ ಅಂತೀವಿ.

ಬನಶಂಕರಿ_ಒಗ್ಗರಣೆ

@ಮಾರ್ಕೆಟ್_ಮಗಳು ಇದನ್ನ ಹಾಗೇ ಕಮಿಟಿಯಲ್ಲಿ ಓದ್ತೀನಿ. ನಮ್ಮ ಬೀದಿಗೂ ಒಬ್ಬರು ಅಜ್ಜಿ ಬರ್ತಾರೆ, ಅವರಿಗೆ ತೊಂದರೆ ಆಗೋ ಹಾಗೆ ಮಾಡಲ್ಲ.

ಇನ್ನೊಂದು ಪ್ರಶ್ನೆ. ಸಂತೆಯಲ್ಲಿ ಕೂತೋರಲ್ಲಿ ಬೆಳೆದೋರು ಯಾರು, ಮಂಡಿಯಿಂದ ತಂದೋರು ಯಾರು ಅಂತ ಗುರುತಿಸೋದು ಹೇಗೆ?

ಬೆರಕೆಸೊಪ್ಪು_ಕೋಲಾರ

ಸುಲಭ. ಮುಂದೆ ಇಟ್ಟಿರೋದನ್ನ ನೋಡಿ. ಕ್ಯಾರೆಟ್, ಆಲೂಗಡ್ಡೆ, ಸೇಬು, ಬೆಳ್ಳುಳ್ಳಿ ಎಲ್ಲ ಒಟ್ಟಿಗೆ ಇದ್ದರೆ ಅದು ಮಂಡಿ ಮಾಲು. ಒಂದೇ ಹೊಲದಲ್ಲಿ ಅಷ್ಟೆಲ್ಲ ಒಟ್ಟಿಗೆ ಬೆಳೆಯಲ್ಲ, ಸೇಬಂತೂ ಕೋಲಾರದಲ್ಲಿ ಬೆಳೆಯೋದೇ ಅಪರೂಪ. ಬೆಳೆದೋರ ಮುಂದೆ ಎರಡು ಮೂರು ಐಟಂ ಇರುತ್ತೆ, ಅದೂ ವಾರವಾರಕ್ಕೆ ಬದಲಾಗುತ್ತೆ. ಸೈಜು ಒಂದೇ ಸಮ ಇರಲ್ಲ. ಸೊಪ್ಪಿನ ಬೇರಲ್ಲಿ ಇನ್ನೂ ಒದ್ದೆ ಮಣ್ಣು ಇರುತ್ತೆ. "ಮುಂದಿನ ವಾರ ಏನು ಬರುತ್ತೆ?" ಅಂತ ಕೇಳಿ. ಬೆಳೆದೋರು ತಡವರಿಸದೆ ಹೇಳ್ತಾರೆ, "ಅವರೆ ಇನ್ನೂ ಹೂವಲ್ಲಿದೆ, ಹದಿನೈದು ದಿನ ಆಗುತ್ತೆ" ಅಂತ.

ಆಪ್‌ನಲ್ಲಿ ಜನ್ಮಕ್ಕೂ ಸಿಗದ ಇನ್ನೊಂದು ಮಾಲಿದೆ: ಬೆರಕೆ ಸೊಪ್ಪು. ಅಣ್ಣೆ, ಗಣಕೆ, ಕನ್ನೆ, ಹೊನಗೊನೆ, ದಗ್ಗಲ ಸೊಪ್ಪು. ಯಾರೂ ಬಿತ್ತಲ್ಲ, ಮಳೆ ಬಿದ್ದ ಮೇಲೆ ಬದುಗಳಲ್ಲಿ ತಾನೇ ಬರುತ್ತೆ. ಹೆಂಗಸರು ಬೆಳಿಗ್ಗೆ ಆಯ್ದು, ಮಡಿಲಲ್ಲಿ ತಂದು, ಗುಡ್ಡೆ ಹಾಕಿ ಕೂರ್ತಾರೆ. ಯಾವ ಎಲೆ ಕಹಿ, ಯಾವುದನ್ನ ಎಷ್ಟು ಬೆರೆಸಬೇಕು ಅನ್ನೋ ಲೆಕ್ಕ ಅವರಿಗೆ ಮಾತ್ರ ಗೊತ್ತು. ಬಸ್ಸಾರಿಗೆ ಅಂತ ಹೇಳಿದರೆ ಒಂದು ಥರ ಆಯ್ದು ಕೊಡ್ತಾರೆ, ಮಸ್ಸೊಪ್ಪಿಗೆ ಅಂದರೆ ಇನ್ನೊಂದು ಥರ.

ಹೊಸೂರಿನಿಂದ

ನಾನಿರೋದು ಹೊಸೂರಲ್ಲಿ. ಅತ್ತಿಬೆಲೆ ಗಡಿ ದಾಟಿದರೆ ಸಾಕು, ಈ ವ್ಯವಸ್ಥೆಯ ಬೇರೆ ರೂಪ ನೋಡಬಹುದು. ತಮಿಳುನಾಡಿನ ಉಳವರ್ ಸಂದೈ, ಅಂದರೆ ರೈತರ ಸಂತೆ. 1999ರ ನವೆಂಬರ್‌ನಲ್ಲಿ ಕರುಣಾನಿಧಿ ಮದುರೈಯಲ್ಲಿ ಶುರು ಮಾಡಿದ್ದು. ಅದೇ ವರ್ಷದ ಜನವರಿಯಲ್ಲಿ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ರೈತು ಬಜಾರ್ ತೆರೆದಿದ್ದರು. ಅದಕ್ಕೂ ಮೊದಲು, 1987ರಲ್ಲೇ, ಪಂಜಾಬಿನ ಅಪ್ನಿ ಮಂಡಿ ಬಂದಿತ್ತು.

ಇಲ್ಲಿ ನಿಯಮ ಕಟ್ಟುನಿಟ್ಟು. ಬೆಳೆದೋನಿಗೆ ಮಾತ್ರ ಗುರುತಿನ ಚೀಟಿ. ಅಂಗಡಿ ಜಾಗಕ್ಕೆ ಬಾಡಿಗೆ ಇಲ್ಲ, ತಕ್ಕಡಿ ಅವರೇ ಕೊಡ್ತಾರೆ. ಬೆಳಿಗ್ಗೆ ಅಧಿಕಾರಿಗಳು ಸುತ್ತಲಿನ ಮಾರುಕಟ್ಟೆ ದರ ನೋಡಿಕೊಂಡು ಬೆಲೆ ನಿಗದಿ ಮಾಡಿ ಬೋರ್ಡಲ್ಲಿ ಬರೀತಾರೆ. ಸಗಟು ದರಕ್ಕಿಂತ ಮೇಲೆ, ಚಿಲ್ಲರೆ ದರಕ್ಕಿಂತ ಕೆಳಗೆ. ಕೊಳ್ಳೋನೂ ಗೆದ್ದ, ಮಾರೋನೂ ಗೆದ್ದ. ನಡುವೆ 2001ರಲ್ಲಿ ಸರ್ಕಾರ ಬದಲಾದಾಗ ಇವೆಲ್ಲ ಮೂಲೆ ಸೇರಿ, 2006ರ ನಂತರ ಮತ್ತೆ ಜೀವ ಬಂತು. ತರಕಾರಿಗೂ ಪಕ್ಷ ಇರುತ್ತೆ.

ಬೆಂಗಳೂರಿನ ಪಕ್ಕದಲ್ಲೇ ಇದು ನಡೀತಿರುವಾಗ ಕರ್ನಾಟಕದಲ್ಲಿ ಯಾಕೆ ಇಷ್ಟು ಬೇರೂರಲಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

ಲೆಕ್ಕದ_ಮೇಷ್ಟ್ರು

ನಮ್ಮಲ್ಲಿ ದಾರಿ ಬೇರೆ ಆಯ್ತು ಸ್ವಾಮಿ. ಹಾಪ್‌ಕಾಮ್ಸ್ ಹುಟ್ಟಿದ್ದೇ 1959ರಲ್ಲಿ, ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ರೈತ ಸಂತೆಗೆ ಬರೋದು ಬೇಡ, ಅವನ ಸಂಘವೇ ಮಳಿಗೆ ಇಟ್ಟು ಮಾರಲಿ ಅನ್ನೋ ಲೆಕ್ಕಾಚಾರ. ಎಲ್ಲ ಮಳಿಗೆಯಲ್ಲೂ ಆವತ್ತಿನ ಒಂದೇ ದರ. ಬೇಸಿಗೆಯಲ್ಲಿ ಮಾವು, ಹಲಸು, ದ್ರಾಕ್ಷಿ, ಕಲ್ಲಂಗಡಿ ಮೇಳ. ಯೋಚನೆ ಇವತ್ತಿಗೂ ಒಳ್ಳೇದೇ. ಆದರೆ ರಸ್ತೆ ಅಗಲೀಕರಣ, ಮೆಟ್ರೋ ಅಂತ ಮಳಿಗೆಗಳು ಒಂದೊಂದಾಗಿ ಹೋಗ್ತಾ ಇವೆ. ಉಳಿದ ಕಡೆಯೂ ಸಂಜೆ ಹೊತ್ತಿಗೆ ಬಾಡಿದ ಬೀನ್ಸ್ ಬಿಟ್ಟರೆ ಏನಿರುತ್ತೆ? ನಮ್ಮ ಮನೆ ಹತ್ತಿರದ್ದಕ್ಕೆ ಈಗಲೂ ಹೋಗ್ತೀನಿ, ಬೆಳಿಗ್ಗೆ ಹೋದರೆ ಮಾತ್ರ ಪರವಾಗಿಲ್ಲ.

ಸನಿವೇಲ್_ಸೊಸೆ

ಅಮೆರಿಕದ ಕಥೆ ಒಂಚೂರು. ಸನಿವೇಲ್ ಊರಿನ ಮರ್ಫಿ ಅವೆನ್ಯೂದಲ್ಲಿ ಶನಿವಾರ ಬೆಳಿಗ್ಗೆ ರೈತರ ಮಾರುಕಟ್ಟೆ ನಡೆಯುತ್ತೆ. ಕ್ಯಾಲಿಫೋರ್ನಿಯಾದಲ್ಲಿ 1977ಕ್ಕೆ ಮೊದಲು ಹಣ್ಣು ತರಕಾರಿಯನ್ನ ನಿಗದಿತ ಸೈಜು, ನಿಗದಿತ ಪೆಟ್ಟಿಗೆಯಲ್ಲೇ ಮಾರಬೇಕು ಅಂತ ನಿಯಮವಿತ್ತು. ಆ ವರ್ಷ ರೈತರಿಗೆ ಅದರಿಂದ ವಿನಾಯಿತಿ ಸಿಕ್ಕಿದ್ದಕ್ಕೆ ಈ ಮಾರುಕಟ್ಟೆಗಳು ಬೆಳೆದವು. ತಾನು ಬೆಳೆದದ್ದನ್ನೇ ಮಾರಬೇಕು. ಯಾವ ಬೆಳೆ ಬೆಳೀತಾನೆ ಅನ್ನೋ ಪ್ರಮಾಣಪತ್ರವನ್ನ ಅಂಗಡಿಯಲ್ಲಿ ನೇತುಹಾಕಿರಬೇಕು. ಜಿಲ್ಲಾ ಕೃಷಿ ಅಧಿಕಾರಿಗಳು ಹೊಲಕ್ಕೆ ಹೋಗಿ ನೋಡ್ತಾರೆ.

ಆದರೆ ಬೆಲೆ? ಸೂಪರ್ ಮಾರ್ಕೆಟ್‌ಗಿಂತ ಜಾಸ್ತಿನೇ. ಇಲ್ಲಿ ಯಾರೂ ಅಗ್ಗ ಅಂತ ಹೋಗಲ್ಲ. ನಾನು ಹೋಗೋದು ಫ್ರೆಸ್ನೊ ಕಡೆಯಿಂದ ಬರೋ ಹ್ಮಾಂಗ್ ರೈತರ ಹಾಗಲಕಾಯಿ, ನೀಳ ಬದನೆ, ದಂಟಿಗೆ. ಮೂಲ ಲಾವೋಸ್‌ನವರು. ನನಗೆ ಅವರ ಭಾಷೆ ಬರಲ್ಲ, ಅವರಿಗೆ ನನ್ನದು. ಆದರೂ ಎಳೇ ಹಾಗಲ ಆಯ್ದು ಇಟ್ಟಿರ್ತಾರೆ.

ಧಾರವಾಡದಾಕಿ

ನಮ್ಮ ಕಡೆ ಸಂತಿಗೆ ಹೋಗೂದು ರೊಕ್ಕ ಉಳಸಾಕ ಅಲ್ರಿ, ಜವಾರಿ, ಅಂದ್ರ ನಾಟಿ ತಳಿ, ಸಿಗತೈತಿ ಅಂತ. ಹಕ್ಕರಿಕಿ, ಕಿರಕಸಾಲಿ, ರಾಜಗಿರಿ, ಪುಂಡಿಪಲ್ಲೆ, ಹುಣಚಿಕ್ಕ, ಇಂಥಾ ಸೊಪ್ಪು. ಎಳಿ ಹಕ್ಕರಿಕಿ ತೊಳದು ಹಸೀದನ್ನ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಜೋಡಿ ತಿನ್ನೂದು. ಮಧ್ಯಾಹ್ನಕ್ಕ ಅದು ಬಾಡಿ ಹೋಗತೈತಿ, ಪ್ಯಾಕೆಟ್‌ನಾಗ ಇಟ್ಟು ಊರೂರು ತಿರುಗಿಸೂ ಮಾಲಲ್ಲ. ಜವಾರಿ ಸವತಿಕಾಯಿ ಅಂದ್ರ ತೊಟ್ಟಿನ ಕಡೆ ಕಡದು ನೋಡೂದು, ಕಹಿ ಇದ್ದರ ಮಾರಾಕಿನ ಇನ್ನೊಂದು ಕೊಡತಾಳ.

ಇವನ್ನ ಕೊಳ್ಳೂ ಮಂದಿ ಇಲ್ಲಂದ್ರ ಮುಂದಿನ ವರ್ಷ ಯಾರೂ ಬಿತ್ತಂಗಿಲ್ಲ. ಬೀಜ ಕಂಪನಿ ಅಂಗಡ್ಯಾಗ ಕಿರಕಸಾಲಿ ಬೀಜ ಇಡಂಗಿಲ್ಲ ನೋಡ್ರಿ, ಅದು ಮನಿ ಬೀಜ. ನನಗ ಸಂತಿ ಬೇಕು ಅನ್ನಸೂದು ಇದಕ್ಕ.

ಅಂಕೋಲೆ_ಮೀನುಸಾರು

ಧಾರವಾಡದವರ ಮಾತಿಗೆ ನಮ್ಮ ಕರಾವಳಿಯ ಸಾಕ್ಷಿ. ಮೇ ತಿಂಗಳಲ್ಲಿ ಅಂಕೋಲೆ ಪೇಟೆಗೆ ಬಂದರೆ ಬುಟ್ಟಿ ಇಟ್ಟುಕೊಂಡ ಹೆಂಗಸರ ಮುಂದೆ ಕರಿ ಇಶಾಡ ಮಾವು ಸಿಗುತ್ತದೆ. 2023ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕ ಹಣ್ಣು. ಸಿಪ್ಪೆ ತೆಳ್ಳಗೆ, ತುಂಬಾ ತಿರುಳು, ಹಣ್ಣಾದ ಮೇಲೆ ಕೆಲವೇ ದಿನ. ಲಾರಿಯಲ್ಲಿ ದೂರ ಕಳಿಸಿದರೆ ಹಾಳು. ಹಾಗಾಗಿ ಇಲ್ಲಿಗೇ ಬಂದು ತಿನ್ನಬೇಕು, ಬೇರೆ ದಾರಿ ಇಲ್ಲ. ಕುಮಟಾ ಸಿಹಿ ಈರುಳ್ಳಿಯೂ ಹೀಗೇ, ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿರುತ್ತಾರೆ. ತಂದು ಅಡುಗೆಮನೆ ಜಂತಿಗೆ ಕಟ್ಟಿದರೆ ಮಳೆಗಾಲಕ್ಕೆ ಆಯಿತು. ಉಡುಪಿಯ ಮಟ್ಟುಗುಳ್ಳದವರು ಇನ್ನೂ ಹುಷಾರು. ಹೆಸರು ಹೇಳಿ ಬೇರೆ ಬದನೆ ಮಾರುವವರ ಕಾಟಕ್ಕೆ ಬೆಳೆಗಾರರ ಸಂಘದವರು ಒಂದೊಂದು ಕಾಯಿಗೂ ಸ್ಟಿಕರ್ ಅಂಟಿಸುತ್ತಾರೆ.

ಒಂದು ತಕರಾರು ಇದೆ. ಪ್ರವಾಸಕ್ಕೆ ಬಂದವರು ರೆಸಾರ್ಟ್‌ನಲ್ಲಿ ಜ್ಯೂಸಿಗೆ ಎಷ್ಟು ಬೇಕಾದರೂ ಕೊಡುತ್ತಾರೆ. ಹಾಲಕ್ಕಿ ಸಮುದಾಯದ ಅಜ್ಜಿಯ ಹತ್ತಿರ ಬಸಳೆ ಕಟ್ಟಿಗೆ ಐದು ರೂಪಾಯಿ ಬಿಡಿಸಿಕೊಳ್ಳಲು ಹತ್ತು ನಿಮಿಷ ನಿಲ್ಲುತ್ತಾರೆ. ಚೌಕಾಸಿ ಬೇಡ ಅನ್ನುವುದಿಲ್ಲ, ಸಂತೆಯಲ್ಲಿ ಅದೂ ಒಂದು ಮಾತುಕತೆ. ಆದರೆ ಬೆಲೆ ಒಪ್ಪಿಕೊಂಡು ಕೊಸರು ಕೇಳಿ ನೋಡಿ. ನಾಲ್ಕು ಹಸಿಮೆಣಸು, ಒಂದೆಸಳು ಕರಿಬೇವು ನಗುತ್ತಲೇ ಹಾಕುತ್ತಾರೆ.

ಅನುಮಾನ_ಪುರುಷ

ಎಲ್ಲರೂ ಭಾವುಕರಾಗಿದ್ದೀರಿ, ನಾನೊಬ್ಬ ಕೇಳ್ತೀನಿ. ಲೋಕಲ್ ಅಂದ ಮಾತ್ರಕ್ಕೆ ಶುದ್ಧವಾ? ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧೀಕರಿಸಿ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಕೋಲಾರದ ಕೆರೆ ತುಂಬಿಸ್ತಿದ್ದಾರೆ. ಅಂತರ್ಜಲ ಹೆಚ್ಚಲಿ ಅನ್ನೋ ಉದ್ದೇಶ ಸರಿ, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಅಲ್ಲಿನವರೇ ಹೋರಾಟ ಮಾಡ್ತಿಲ್ವಾ? ನಗರದ ಸುತ್ತ ಕೊಳಚೆ ಹರಿಯೋ ರಾಜಕಾಲುವೆ ನೀರಲ್ಲೇ ಸೊಪ್ಪು ಬೆಳೆಯೋದನ್ನ ಕಣ್ಣಾರೆ ನೋಡಿದ್ದೀನಿ. ಬೇರಲ್ಲಿ ಒದ್ದೆ ಮಣ್ಣಿದೆ ಅಂತ ಖುಷಿಪಡೋ ಮೊದಲು ಯಾವ ನೀರಿನ ಮಣ್ಣು ಅಂತ ಕೇಳಬೇಡವಾ? ಔಷಧಿ ಹೊಡೆಯೋದರಲ್ಲೂ ಸಣ್ಣ ರೈತ, ದೊಡ್ಡ ರೈತ ಅಂತ ಭೇದ ಇಲ್ಲ.

ಹೊಸಕೋಟೆ_ಕಡೆಯವನು

ಕೇಳಲೇಬೇಕು. ಕೇಳೋಕೆ ಎದುರಿಗೆ ಮನುಷ್ಯ ಸಿಗೋದು ಸಂತೆಯಲ್ಲಿ ಮಾತ್ರ. ಪ್ಯಾಕೆಟ್ ಮೇಲಿನ ಬಾರ್‌ಕೋಡ್‌ನ ಏನು ಕೇಳ್ತೀರಿ?

"ಆರ್ಗ್ಯಾನಿಕ್ಕಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. "ನೀರು ಯಾವುದು? ಕೊನೇ ಸಲ ಔಷಧಿ ಯಾವತ್ತು ಹೊಡೆದ್ರಿ?" ಅಂತ ಕೇಳಿ. ಪ್ರತಿ ಔಷಧಿ ಡಬ್ಬದ ಲೇಬಲ್ ಮೇಲೆ ಹೊಡೆದ ಎಷ್ಟು ದಿನದ ಮೇಲೆ ಕೊಯ್ಲು ಮಾಡಬೇಕು ಅಂತ ಇರುತ್ತೆ. ಅದನ್ನ ಪಾಲಿಸೋನಿಗೆ ನಿಮ್ಮ ಪ್ರಶ್ನೆಯಿಂದ ಬೇಜಾರಾಗಲ್ಲ, ಪಾಲಿಸದೇ ಇರೋನು ಮಾತು ಬದಲಾಯಿಸ್ತಾನೆ. ಸಾವಯವ ಅಂತ ಗಟ್ಟಿ ಹೇಳೋರ ಹತ್ತಿರ ಪಿ.ಜಿ.ಎಸ್. ಗುಂಪಿನ ಪ್ರಮಾಣಪತ್ರ ಕೇಳಿ. ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಇನ್ನೊಬ್ಬರು ಪರೀಕ್ಷೆ ಮಾಡೋ ಪದ್ಧತಿ. ದುಡ್ಡೂ ಹೆಚ್ಚು ಖರ್ಚಾಗಲ್ಲ, ಸಣ್ಣೋರಿಗೂ ಸಾಧ್ಯ.

ಇನ್ನೂ ನಂಬಿಕೆ ಇಲ್ಲ ಅಂದರೆ ಒಂದು ಭಾನುವಾರ ಹೊಲಕ್ಕೇ ಬನ್ನಿ. ಮಜ್ಜಿಗೆ ಕೊಡ್ತೀನಿ.

ಅನುಮಾನ_ಪುರುಷ

ಮಜ್ಜಿಗೆಗೆ ಬರ್ತೀನಿ. ರಾಜಕಾಲುವೆ ವಿಷಯದಲ್ಲಿ ಮಾತ್ರ ನನ್ನ ಅನುಮಾನ ಹಾಗೇ ಇರುತ್ತೆ. ನಗರದ ಒಳಗಿನ ಸೊಪ್ಪಿಗಿಂತ ಕನಕಪುರ, ಮಾಗಡಿ ಕಡೆಯದ್ದಕ್ಕೆ ನನ್ನ ವೋಟು.

ಅಡುಗೆಮನೆ_ವಿಜ್ಞಾನ

ತಾಜಾತನದ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಸೊಪ್ಪಿನ ಸಿ ಜೀವಸತ್ವ ಕಿತ್ತ ಗಳಿಗೆಯಿಂದಲೇ ಇಳಿಯೋಕೆ ಶುರುವಾಗುತ್ತೆ, ಬಿಸಿಲಲ್ಲಿ ಇನ್ನೂ ಬೇಗ. ಎಳೇ ಬಟಾಣಿ, ಜೋಳದ ತೆನೆಯಲ್ಲಿರೋ ಸಕ್ಕರೆ ಗಂಟೆಗಂಟೆಗೂ ಪಿಷ್ಟ ಆಗ್ತಾ ಹೋಗುತ್ತೆ. ಆದ್ದರಿಂದಲೇ ಬೆಳಿಗ್ಗೆ ಕಿತ್ತದ್ದು ಸಿಹಿ, ನಾಲ್ಕು ದಿನದ್ದು ಸಪ್ಪೆ. ಹಾಗಂತ ಸಂತೆಯಿಂದ ತಂದು ಫ್ರಿಜ್‌ನಲ್ಲಿ ವಾರ ಇಟ್ಟರೆ ಏನೂ ಪ್ರಯೋಜನ ಇಲ್ಲ. ಸೊಪ್ಪು ಅವತ್ತೇ, ಬೀನ್ಸ್ ಮಾರನೇ ದಿನ, ಕುಂಬಳಕಾಯಿ ವಾರದ ಕೊನೆಗೆ. ಕುಂಬಳ, ಗೆಡ್ಡೆಗಳಿಗೆ ಎಲ್ಲಿಂದ ತಂದರೂ ದೊಡ್ಡ ವ್ಯತ್ಯಾಸ ಇಲ್ಲ.

ಅವರೆಕಾಯಿ ಮಾತ್ರ ರಾಜಿ ಮಾಡ್ಕೋಬೇಡಿ. ಡಿಸೆಂಬರ್ ಜನವರಿಯ ಮಾಗಡಿ ಸೊಗಡವರೆ ಕೈಯಲ್ಲಿ ಉಜ್ಜಿ ಮೂಸಿ ನೋಡಿ. ಬೆರಳು ಅಂಟಂಟಾಗಬೇಕು, ಸೋಪು ಹಾಕಿ ತೊಳೆದರೂ ವಾಸನೆ ಹೋಗಬಾರದು. ಹೋಯ್ತು ಅಂದರೆ ಹಳೇ ಕಾಯಿ, ಇಲ್ಲ ಬೇರೆ ತಳಿ.

ಬನಶಂಕರಿ_ಒಗ್ಗರಣೆ

ಕಮಿಟಿ ಮೀಟಿಂಗ್ ಮುಗೀತು. ಪ್ರಾಯೋಗಿಕವಾಗಿ ಒಪ್ಪಿದ್ದಾರೆ! ಅಗ್ಗ ಅನ್ನೋ ಮಾತೇ ಎತ್ತಲಿಲ್ಲ. ಸೊಪ್ಪು, ಎಳೇ ತರಕಾರಿ, ಆಯಾ ಕಾಲದ ಹಣ್ಣು ಮಾತ್ರ ಅಂದೆ. ಕಸಕ್ಕೆ ಎರಡು ಡ್ರಮ್, ಅದು ನಮ್ಮದೇ ಗೊಬ್ಬರದ ಗುಂಡಿಗೆ. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಆ ವರ್ಷದ ಮುದ್ರೆ ಇರಬೇಕು ಅಂತ ಖಜಾಂಚಿ ಮೇಡಂ ಷರತ್ತು ಹಾಕಿದರು, ಅದೂ ನ್ಯಾಯವೇ. ಬೀದಿ ಅಜ್ಜಿಗೆ ಭಾನುವಾರ ಬಾಳೆಹಣ್ಣು, ತೆಂಗಿನಕಾಯಿ, ನಿಂಬೆಹಣ್ಣು ಇಟ್ಟುಕೊಳ್ಳೋಕೆ ಪಕ್ಕದಲ್ಲೇ ಜಾಗ ಕೊಟ್ಟಿದ್ದೀವಿ.

@ಹೊಸಕೋಟೆ_ಕಡೆಯವನು ರೈತರ ಕಡೆಯಿಂದ ನಮಗೇನಾದರೂ ಷರತ್ತು ಇದ್ದರೆ ಹೇಳಿ, ನೋಟಿಸ್ ಬೋರ್ಡಲ್ಲಿ ಹಾಕ್ತೀನಿ.

ಹೊಸಕೋಟೆ_ಕಡೆಯವನು

ಇದೆ. ಮೊದಲ ಎರಡು ವಾರ ಜಾತ್ರೆ ಥರ ಬಂದು ಮೂರನೇ ವಾರ ಯಾರೂ ಬರದೇ ಇರೋದು ಬೇಡ. ಕಿತ್ತು ತಂದ ಸೊಪ್ಪನ್ನ ವಾಪಸ್ ಗಿಡಕ್ಕೆ ಅಂಟಿಸೋಕಾಗಲ್ಲ. ಶುಕ್ರವಾರ ರಾತ್ರಿಯೊಳಗೆ ವಾಟ್ಸಾಪ್ ಗುಂಪಿನಲ್ಲಿ "ನಮಗೆ ಎರಡು ಕಟ್ಟು ಮೆಂತ್ಯ, ಅರ್ಧ ಕೆ.ಜಿ. ಬೀನ್ಸ್" ಅಂತ ಒಂದು ಸಾಲು ಹಾಕಿಸಿ, ಅಷ್ಟೇ ಕೀಳ್ತಾರೆ. ಮಳೆ ಬಂದು ಮಾಲು ಇಲ್ಲ ಅಂದ ದಿನ ಇಲ್ಲ ಅಷ್ಟೇ, ಅದಕ್ಕೆ ಮುಖ ಊದಿಸಬಾರದು.

ಆಮೇಲೆ ಬೆಂಡೆಕಾಯಿ. ಎಳೇದಾ ಅಂತ ನೋಡೋಕೆ ಪ್ರತಿಯೊಬ್ಬರೂ ತುದಿ ಮುರೀತಾರೆ. ಮುರಿದದ್ದನ್ನ ಅಲ್ಲೇ ಬಿಟ್ಟು ಬೇರೆದು ತಗೋತಾರೆ. ಕೊನೆಗೆ ಬುಟ್ಟಿಯಲ್ಲಿ ಮೂಗಿಲ್ಲದ ಬೆಂಡೆ ಮಾತ್ರ ಉಳಿಯುತ್ತೆ. ಮುರಿದೋರೇ ಕೊಳ್ಳಬೇಕು ಅಂತ ದಪ್ಪಕ್ಷರದಲ್ಲಿ ಬರೆಸಿ.

ಬನಶಂಕರಿ_ಒಗ್ಗರಣೆ

ಹಾ ಹಾ, ಬರೆಸ್ತೀನಿ. ನಮ್ಮ ಯಜಮಾನರಿಗೂ ತೋರಿಸಬೇಕು, ಮುರಿಯೋರಲ್ಲಿ ಅವರೇ ಮೊದಲಿಗರು. @ಬೆರಕೆಸೊಪ್ಪು_ಕೋಲಾರ ಕನಕಪುರದವರ ಹತ್ತಿರ ಬೆರಕೆ ಸೊಪ್ಪು ಕೇಳಿದರೆ ಈಗ ತರ್ತಾರಾ?

ಬೆರಕೆಸೊಪ್ಪು_ಕೋಲಾರ

ಮಳೆ ಸರಿಯಾಗಿ ಬಿದ್ದು ಹತ್ತು ಹದಿನೈದು ದಿನ ಆಗಿರಬೇಕು. ಆಗಿದ್ದರೆ ಕೇಳಿ, ತರ್ತಾರೆ. ಕಳೆನಾಶಕ ಹೊಡೆದ ಹೊಲದ ಬದುವಿನದ್ದು ಬೇಡ ಅಂತ ಮೊದಲೇ ಹೇಳಿಬಿಡಿ. ಹೂ ಬಿಟ್ಟ ಅಣ್ಣೆ ಸೊಪ್ಪನ್ನೂ ತಗೋಬೇಡಿ, ನಾರು.